ಸುಮ್ಮನೆ ಕೇಳುವ ಸೋಮವಾರ

ದಿನವಿಡೀ ಮಾತನಾಡಿ ಸಂಬಳ ತೆಗೆದುಕೊಳ್ಳುವವನಿಗೆ ಬಾಯಿ ಮುಚ್ಚಿಕೊಂಡು ಕೂರುವುದಕ್ಕಿಂತ ದೊಡ್ಡ ಹಬ್ಬ ಬೇರೆ ಇಲ್ಲ. ಈ ಮಾತನ್ನು ಮೇಷ್ಟ್ರುಗಳು ಒಪ್ಪುತ್ತಾರೆ, ವಕೀಲರೂ ಒಪ್ಪುತ್ತಾರೆ. ಒಪ್ಪದವರು ರಾಜಕಾರಣಿಗಳು ಮಾತ್ರ, ಅವರಿಗೆ ದಣಿವೇ ಆದಂತೆ ಕಾಣುವುದಿಲ್ಲ. ನನ್ನದು ಈ ಮೂರೂ ಕಸುಬಲ್ಲ. ನಾನು ಹಗರಿಬೊಮ್ಮನಹಳ್ಳಿಯ ಬಸ್ ನಿಲ್ದಾಣದಲ್ಲಿ ಕಂಟ್ರೋಲರು. ಬಸ್ಸು ಬಂದಾಗ, ಹೊರಡುವಾಗ ಮೈಕಿನಲ್ಲಿ ಕೂಗುವ ದನಿಯೊಂದು ಇರುತ್ತದಲ್ಲ, ಅದರ ಹಿಂದೆ ಕೂತಿರುವ ಮನುಷ್ಯ. ದೊಡ್ಡ ಊರುಗಳಲ್ಲಿ ಈಗ ಆ ಕೆಲಸವನ್ನು ರೆಕಾರ್ಡು ಮಾಡಿಟ್ಟ ಹೆಣ್ಣುದನಿ ಮಾಡುತ್ತದಂತೆ. ಅವಳಿಗೆ ಕೆಮ್ಮು ಬರುವುದಿಲ್ಲ, ನೀರಡಿಕೆಯಾಗುವುದಿಲ್ಲ, ಹೊರಟ ಬಸ್ಸು ಮತ್ತೆ ಯಾಕೆ ನಿಂತಿತು ಎಂದು ಅವಳನ್ನು ಯಾರೂ ಕೇಳುವುದಿಲ್ಲ. ನಮ್ಮಲ್ಲಿ ಇನ್ನೂ ನಾನೇ ಇದ್ದೇನೆ.

ಕೂಗುವುದೇನೂ ಕಷ್ಟವಲ್ಲ. ಕೂಗಿದ ಮೇಲಿನದು ಕಷ್ಟ. "ಹಡಗಲಿಗೆ ಹೋಗುವ ಬಸ್ಸು ಮೂರನೇ ಅಂಕಣದಲ್ಲಿ ನಿಂತಿದೆ" ಎಂದು ಊರಿಗೆಲ್ಲ ಕೇಳುವ ಹಾಗೆ ಹೇಳಿ ಮೈಕು ಕೆಳಗಿಟ್ಟಿರುತ್ತೇನೆ, ಅಷ್ಟರಲ್ಲಿ ಕಿಟಕಿಯಲ್ಲಿ ಒಂದು ತಲೆ ತೂರುತ್ತದೆ. "ಯಣ್ಣಾ, ಹಡಗಲಿ ಬಸ್ ಎಲ್ಲೈತಿ?" ಈಗ ತಾನೇ ಹೇಳಿದೆನಲ್ಲವ್ವಾ ಎಂದರೆ, "ಅದು ಮೈಕಿನ್ಯಾಗ ಹೇಳಿದ್ರಿ. ನೀವು ಹೇಳ್ರಿ." ಹೆಣ್ಣುಮಕ್ಕಳಿಗೆ ಟಿಕೆಟ್ಟಿಲ್ಲದ ಪ್ರಯಾಣ ಬಂದ ಮೇಲೆ ನಿಲ್ದಾಣ ದಿನವೂ ತುಂಬಿ ತುಳುಕುತ್ತದೆ. ಅವರು ಓಡಾಡುವುದು ನನಗೂ ಸಂತೋಷವೇ. ಆದರೆ ತವರಿಗೆ ಹೊರಟವರು ಬಸ್ಸಿನ ಹೊತ್ತನ್ನಷ್ಟೇ ಕೇಳಿ ಹೋಗುವುದಿಲ್ಲ. ಹಂಪಸಾಗರದಲ್ಲಿ ಇಳಿದರೆ ಅಣ್ಣನ ಮನೆ ಹತ್ತಿರವೋ, ಅದರ ಹಿಂದಿನ ಸ್ಟಾಪಿನಲ್ಲಿ ಇಳಿದರೆ ಹತ್ತಿರವೋ ಎಂಬುದನ್ನೂ ನಾನೇ ತೀರ್ಮಾನಿಸಬೇಕು. ಅಣ್ಣನ ಮನೆಯನ್ನು ನಾನು ಕಂಡವನಲ್ಲ ಎನ್ನುವುದು ಅವರ ಲೆಕ್ಕದಲ್ಲಿ ಬರುವುದೇ ಇಲ್ಲ.

ಹೀಗೆ ಕೂಗಿ ಕೂಗಿ ಕಳೆದ ವರ್ಷ ನನ್ನ ಗಂಟಲು ಕೈಕೊಟ್ಟಿತು. ಬೆಳಿಗ್ಗೆ ಕೂಡ್ಲಿಗಿ ಎನ್ನುವಾಗ ಇದ್ದ ದನಿ ಮಧ್ಯಾಹ್ನ ಕೊಟ್ಟೂರು ಎನ್ನುವಷ್ಟರಲ್ಲಿ ಮರದ ಬಾಗಿಲು ಎಳೆದ ಹಾಗೆ ಕಿರುಗುಟ್ಟುತ್ತಿತ್ತು. ಹೊಸಪೇಟೆಯ ಗಂಟಲಿನ ಡಾಕ್ಟರು ಕೊಳವೆ ಇಳಿಸಿ ನೋಡಿ, ದನಿ ಹುಟ್ಟುವ ಜಾಗದಲ್ಲಿ ಒಂದು ಸಣ್ಣ ಗಂಟಾಗಿದೆ ಎಂದರು. "ಡ್ಯೂಟಿಯಲ್ಲಿ ಮಾತಾಡದೆ ವಿಧಿಯಿಲ್ಲ, ಸರಿ. ಮನೆಗೆ ಹೋದ ಮೇಲೆ ಒಂದು ಮಾತೂ ಬೇಡ, ಪಿಸುಮಾತಂತೂ ಬೇಡವೇ ಬೇಡ. ಇಲ್ಲದಿದ್ದರೆ ಆಪರೇಷನ್ ಮಾಡಬೇಕಾಗುತ್ತೆ. ಆಮೇಲೆ ದನಿ ಮೊದಲಿನ ಹಾಗೇ ಇರುತ್ತೆ ಅಂತ ನಾನು ಮಾತು ಕೊಡೋಲ್ಲ." ಪಕ್ಕದಲ್ಲಿದ್ದ ನನ್ನ ಹೆಂಡತಿ ಅನ್ನಪೂರ್ಣ, "ಮನ್ಯಾಗ ಬಾಯಿ ಮುಚ್ಚಿಕೊಂಡಿರ್ರಿ ಅಂತ ನಾ ಮದುವಿ ಆದಾಗಿಂದ ಹೇಳಾಕತ್ತೀನ್ರಿ ಡಾಕ್ಟ್ರ" ಎಂದಳು. ಅವಳಿಗೆ ನಗು. ನನಗೆ ಭಯ ಹಿಡಿದಿತ್ತು. ದನಿ ಹೋದರೆ ಮೈಕು ಹೋಗುತ್ತದೆ. ಮೈಕು ಹೋದರೆ ನನ್ನನ್ನು ಯಾವುದಾದರೂ ಮೂಲೆಯ ಮೇಜಿಗೆ ಹಾಕುತ್ತಾರೆ. ಸಂತೆಯಲ್ಲಿ, ಮದುವೆಮನೆಯಲ್ಲಿ ನಾನು ಬಾಯಿ ತೆರೆದರೆ ಸಾಕು, ಗುರುತಿಲ್ಲದವರೂ ತಿರುಗಿ ನೋಡಿ "ನೀವು ಬಸ್‌ಸ್ಟ್ಯಾಂಡಿನೋರಲ್ರಿ?" ಎನ್ನುತ್ತಾರೆ. ಮುಖದಲ್ಲಿ ವಿಶೇಷವೇನೂ ಇಲ್ಲದವನಿಗೆ ಅದೊಂದೇ ಆಸ್ತಿ.

ಹಾಗಾಗಿ ಮನೆಯಲ್ಲಿ ಮೌನ ಶುರುವಾಯಿತು. ಮಗಳು ಹರಪನಹಳ್ಳಿಯ ಹಾಸ್ಟೆಲಿನಲ್ಲಿದ್ದು ಓದುತ್ತಾಳೆ, ಮನೆಯಲ್ಲಿ ಇರುವವರು ನಾವಿಬ್ಬರೇ. ಒಂದು ಚಪ್ಪಾಳೆ ತಟ್ಟಿದರೆ ಚಹಾ, ಎರಡು ತಟ್ಟಿದರೆ ಊಟ ಎಂದು ನಾನೊಂದು ಏರ್ಪಾಡು ಮಾಡಿಕೊಂಡೆ. "ನಾನೇನು ಪಾರಿವಾಳ ಏನ್ರಿ, ಚಪ್ಪಾಳಿ ತಟ್ಟಿದ್ರ ಬರಾಕ?" ಎಂದು ಅನ್ನಪೂರ್ಣ ಒಂದೇ ದಿನಕ್ಕೆ ಅದನ್ನು ರದ್ದು ಮಾಡಿದಳು. ಮೊದಮೊದಲು ನಕ್ಕವಳು ಬರಬರುತ್ತ ಗೋಡೆಯ ಜೊತೆ ಮಾತನಾಡತೊಡಗಿದಳು. ಗೋಡೆಯೂ ನಾನೂ ಒಂದೇ ಥರ ಉತ್ತರ ಕೊಡುತ್ತಿದ್ದೆವು.

ನಮ್ಮ ಮಾಳಿಗೆಯ ಮೇಲಿನ ಕೋಣೆಯಲ್ಲಿ ಆಗ ಐರಿನ್ ಮೇಡಂ ಬಾಡಿಗೆಗಿದ್ದರು. ಮಂಗಳೂರು ಕಡೆಯವರು, ಇಲ್ಲಿಯ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ತಮ್ಮ ಊರಿನ ಕಡೆಗೆ ವರ್ಗವಾಗಿ ಹೊರಟಾಗ ಒಂದು ಮರದ ಪೆಟ್ಟಿಗೆಯನ್ನೂ ಒಂದು ಚೌಕದ ರಟ್ಟನ್ನೂ ತಂದು ನನ್ನ ಮುಂದಿಟ್ಟರು. ಪೆಟ್ಟಿಗೆಯಲ್ಲಿ ರೆಕಾರ್ಡ್ ಪ್ಲೇಯರ್, ರಟ್ಟಿನೊಳಗೆ ಕಪ್ಪು ಪ್ಲೇಟು. "ಬಸ್ಸಲ್ಲಿ ತಕೊಂಡು ಹೋದ್ರೆ ಇದ್ರ ಮುಳ್ಳು ಹಾಳಾಗ್ತದೆ ಮಾರಾಯ್ರೇ. ನೀವೇ ಇಟ್ಕೊಳ್ಳಿ. ಗಂಟಲು ಸರಿಯಿಲ್ಲದವರಿಗೆ ಇದು ಒಳ್ಳೇದು" ಎಂದರು. ಅವರ ಇಗರ್ಜಿಯಲ್ಲಿ ಹಾಡುವಂಥ ಪ್ರಾರ್ಥನೆಗಳಂತೆ, ಆದರೆ ಹಳೆಯವಲ್ಲ, ಈ ಕಾಲದವು. ವಾದ್ಯವಿಲ್ಲ, ಬರೀ ಕಂಠ, ದೊಡ್ಡದೊಂದು ಮೇಳ. ಸಂಗೀತ ಕಟ್ಟಿದವರು ಇನ್ನೂ ಬದುಕಿದ್ದಾರೆ ಎಂದೂ ಹೇಳಿದರು. ಅನ್ನಪೂರ್ಣಳಿಗೆ ಅದೇ ದೊಡ್ಡ ಆಶ್ಚರ್ಯ. "ಬದುಕಿರೋರು ದೇವ್ರ ಪದ ಕಟ್ತಾರನ್ರಿ?" ನಮ್ಮಲ್ಲಿ ದೇವರ ಪದ ಕಟ್ಟಿದವರೆಲ್ಲ ಎಂದೋ ತೀರಿಹೋಗಿ ಗದ್ದುಗೆಯಾದವರು. ಕಟ್ಟಿದವನು ಈಗ ಎಲ್ಲೋ ಕೂತು ಚಹಾ ಕುಡಿಯುತ್ತಿರಬಹುದು ಎಂಬುದು ಅವಳಿಗೆ ಒಗ್ಗಲೇ ಇಲ್ಲ. ಹೊರಡುವಾಗ ಮೇಡಂ ಮೆಟ್ಟಿಲ ಮೇಲೆ ನಿಂತು ಇನ್ನೊಂದು ಮಾತು ಹೇಳಿದರು. "ನಡುನಡುವೆ ಅವರು ಸುಮ್ಮನಾಗ್ತಾರೆ. ಕೆಟ್ಟುಹೋಯ್ತು ಅಂತ ತಿಳ್ಕೊಂಡು ತೆಗೆದು ಬಿಡ್ಬೇಡಿ. ಅದೂ ಹಾಡೇ."

ಮಂಗಳವಾರ ನನಗೆ ವಾರದ ರಜೆ. ಸೋಮವಾರ ಪಾಳಿ ಮುಗಿಸಿ, ಕೈಕಾಲು ತೊಳೆದು, ವಿಭೂತಿ ಹಚ್ಚಿಕೊಂಡು, ದೀಪ ಹಚ್ಚುವ ಹೊತ್ತಿಗೆ ಮೊದಲ ಸಲ ಆ ಪ್ಲೇಟು ಹಾಕಿದೆ. ಒಂದು ಗಂಡುದನಿ ತಗ್ಗಿನಲ್ಲಿ ಹೊರಟಿತು. ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ. ಅದರ ಮಗ್ಗುಲಿಗೆ ಇನ್ನೊಂದು ದನಿ ಬಂದು ಒತ್ತಿಕೊಂಡು ನಿಂತಿತು, ಮೂರು ಜನರ ಸೀಟಿನಲ್ಲಿ ನಾಲ್ಕನೆಯವರು ಕೂತ ಹಾಗೆ. ಮೊದಲಿಗೆ ಇಕ್ಕಟ್ಟು, ಕಿವಿಗೆ ಸ್ವಲ್ಪ ಇರುಸುಮುರುಸು. ಆದರೆ ಬಸ್ಸು ಒಂದೆರಡು ಸಲ ಕುಲುಕಿದ ಮೇಲೆ ನಾಲ್ವರೂ ಹೇಗೋ ಹೊಂದಿಕೊಳ್ಳುತ್ತಾರಲ್ಲ, ಹಾಗೆ ಅವೂ ಹೊಂದಿಕೊಂಡವು. ಮೇಲಿನಿಂದ ಹೆಣ್ಣುದನಿಗಳು ಇಳಿದು ಬಂದು ಸೇರಿದವು. ಮನೆ ತುಂಬಿತು. ಇನ್ನೇನು ಹೊಸ್ತಿಲು ದಾಟಿ ಬೀದಿಗೆ ಹರಿಯುತ್ತದೆ ಎನ್ನುವಾಗ ಎಲ್ಲರೂ ಒಟ್ಟಿಗೆ ಸುಮ್ಮನಾಗಿಬಿಟ್ಟರು. ಗೋಡೆಯ ಮೇಲೆ ಹಲ್ಲಿ ಲೊಚಗುಟ್ಟಿದ್ದು ಕೇಳಿಸಿತು. ಆ ಭಾಷೆಯ ಒಂದು ಪದವೂ ನನಗೆ ತಿಳಿಯುವುದಿಲ್ಲ. ಅದರಲ್ಲಿ ಯಾವ ಊರಿನ ಹೆಸರೂ ಇರಲಿಲ್ಲ. ಅಷ್ಟು ಜನ ಸೇರಿ ಹಾಡಿದರೂ ಯಾರೂ ನನ್ನನ್ನು ಏನೂ ಕೇಳುತ್ತಿರಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು. ಭಕ್ತಿಯಿಂದ ಬಂತು ಎಂದು ಹೇಳಿಕೊಳ್ಳಲು ಆಸೆಯಿದೆ, ನಿಜವಾಗಿ ಅದು ಬಂದದ್ದು ಸುಸ್ತಿನಿಂದ.

ಅಂದಿನಿಂದ ಸೋಮವಾರದ ಆ ಅರ್ಧ ಗಂಟೆಗಾಗಿ ನಾನು ವಾರವೆಲ್ಲ ಕಾಯತೊಡಗಿದೆ. ಹಾಡಿಗಿಂತ ಹೆಚ್ಚಾಗಿ ನಡುವಿನ ಆ ಮೌನಗಳಿಗೆ ಕಾಯುತ್ತಿದ್ದೆ. ಮನೆಯ ಮೌನವೇ ಬೇರೆ, ಅದು ಡಾಕ್ಟರು ಬರೆದುಕೊಟ್ಟ ಔಷಧಿ. ಇದು ಅಷ್ಟೊಂದು ಜನ ಸೇರಿ ನನಗಾಗಿ ಬಾಯಿ ಮುಚ್ಚಿಕೊಂಡದ್ದು.

ಆದರೆ ನಮ್ಮ ಊರಲ್ಲಿ ಒಬ್ಬನ ಸುಖ ಅವನ ಮನೆಯೊಳಗೇ ಇರುವ ವಸ್ತುವಲ್ಲ. ಬೀದಿಯ ಆ ಬದಿಯಲ್ಲಿ ಕೊಟ್ರಪ್ಪಣ್ಣನ ಮನೆ. ಮಂಡಕ್ಕಿ ಭಟ್ಟಿ ನಡೆಸುವವನು, ನನಗಿಂತ ಹಿರಿಯ, ಮಠದ ಕಟ್ಟೆಯ ಭಜನೆ ಮೇಳಕ್ಕೆ ಅವನೇ ಮುಂದಾಳು. ಮೇಳ ಎಂದರೆ ಒಂದು ಕಾಲಕ್ಕೆ ಕಟ್ಟೆ ಸಾಲದಷ್ಟು ಜನ. ಕೆಲವರು ತೀರಿಕೊಂಡರು, ಕೆಲವರ ಮಂಡಿ ಕೈಕೊಟ್ಟಿತು, ಉಳಿದವರು ಮೊಬೈಲಿಗೆ ಬಿದ್ದರು. ಈಗೀಗ ಸೋಮವಾರ ಅವನೂ ಅವನ ಹಾರ್ಮೋನಿಯಮ್ಮೂ ಇಬ್ಬರೇ ಎದುರುಬದುರು ಕೂತು ಎದ್ದುಬರುತ್ತಿದ್ದರು. ಅಂಥವನ ಕಿವಿಗೆ ಸೋಮವಾರ ಸಂಜೆ ನಮ್ಮ ಕಿಟಕಿಯಿಂದ ಒಂದು ಇಡೀ ಮೇಳದ ದನಿ ಬಿದ್ದರೆ ಅವನಾದರೂ ಏನು ಮಾಡಿಯಾನು? ಚಪ್ಪಲಿ ಬಿಟ್ಟು, ಕೈಮುಗಿದು ಒಳಗೆ ಬಂದೇಬಿಟ್ಟ. "ದೇವ್ರ ಪದ ನಡದಾವಲ್ರಿ ಸಾಹೇಬ್ರ" ಎಂದ. ಭಾಷೆ ತಿಳಿಯದೆ ದೇವರ ಪದವೆಂದು ಹೇಗೆ ಗೊತ್ತಾಯಿತು ಎಂದು ಅನ್ನಪೂರ್ಣ ಕೇಳಿದಳು. "ಸಿನಿಮಾದೋರು ಎದ್ರಿಗೆ ನೋಡಿ ಹಾಡ್ತಾರ ತಂಗಿ. ಇವ್ರು ಮ್ಯಾಲಕ್ಕ ನೋಡಿ ಹಾಡಾಕತ್ತಾರ. ದನ್ಯಾಗ ಗೊತ್ತಾಗ್ತೈತಿ." ಯಾವ ದೇವರದು ಎಂದು ಆಮೇಲೆ ವಿಚಾರಿಸಿದ. ಏಸುವಿನದಂತೆ ಎಂದು ಅವಳು ಹೇಳಿದ್ದಕ್ಕೆ, "ಇರ್ಲಿ ಬಿಡು, ಸೋಮಾರ ಯಾರ್ನ ನೆನದ್ರೂ ನಡೀತೈತಿ" ಎಂದು ಚಾಪೆಯ ಮೇಲೆ ಕೂತ. ಕೂರಲಿ ಎಂದುಕೊಂಡೆ. ಒಬ್ಬ ಕೂತರೆ ಮೌನಕ್ಕೇನು ಕೊರತೆ?

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮ ಕಡೆಯ ಭಜನೆಯಲ್ಲಿ ಕೇಳುಗ ಎಂಬ ಜಾತಿಯೇ ಇಲ್ಲ. ಮುಂದಾಳು ಒಂದು ಸಾಲು ಹಾಡಿ ನಿಲ್ಲಿಸುತ್ತಾನೆ, ಉಳಿದವರೆಲ್ಲ ಅದನ್ನೇ ತಿರುಗಿ ಹಾಡುತ್ತಾರೆ. ನೀವು ಬೀಡಿ ಸೇದುವುದಕ್ಕೆಂದು ಕಟ್ಟೆಗೆ ಬಂದವರಾದರೂ ಸರಿ, ಕೂತಿರೆಂದರೆ ತಿರುಗಿ ಹಾಡಬೇಕು. ಬಾಯಿ ಮುಚ್ಚಿಕೊಂಡು ಕೂತರೆ ಹಾಡಿದವನ ಸಾಲನ್ನು ನಡುಬೀದಿಯಲ್ಲಿ ಬಿಟ್ಟುಹೋದ ಹಾಗೆ. ಅವನಿಗೂ ಅವಮಾನ, ದೇವರಿಗೂ ಅವಮಾನ. ಪ್ಲೇಟಿನ ಮೇಳ ಏರಿ ಏರಿ ಒಟ್ಟಿಗೆ ಸುಮ್ಮನಾಯಿತು ನೋಡಿ, ನಾನು ಕಣ್ಣು ಮುಚ್ಚಿದೆ. ಕೊಟ್ರಪ್ಪಣ್ಣ ಬಾಯಿ ತೆರೆದ. ಅವರು ಬಿಟ್ಟ ಸಾಲನ್ನು ಬಿಟ್ಟಲ್ಲಿಂದಲೇ ಎತ್ತಿಕೊಂಡು, ಪದ ಗೊತ್ತಿಲ್ಲದ ಕಡೆ "ಆ" ಎಂದು ತುಂಬಿಸಿ, ಎದೆತುಂಬ ತಿರುಗಿ ಹಾಡಿದ. ಪ್ಲೇಟಿನವರು ಮುಂದಿನ ಸಾಲು ಶುರು ಮಾಡಿದಾಗ ನನ್ನ ಕಡೆ ನೋಡಿ ತಲೆಯಾಡಿಸಿದ, ಹೆಂಗೈತಿ ಎನ್ನುವ ಹಾಗೆ. ನಾನು ಮಾತನಾಡುವಂತಿಲ್ಲ. ಬೇಡ, ನಿಲ್ಲಿಸು ಎಂದು ಅಂಗೈ ಎತ್ತಿ ತೋರಿಸಿದೆ. ಭಜನೆಯಲ್ಲಿ ಕೈ ಎತ್ತಿದರೆ ದನಿ ಎತ್ತು ಎಂದು ಅರ್ಥವಂತೆ. ಮುಂದಿನ ಮೌನದಲ್ಲಿ ನಮ್ಮ ತಗಡಿನ ಡಬ್ಬಿಗಳು ಗುಂಯ್ ಎಂದವು.

ಅಡಿಗೆಮನೆಗೆ ಹೋಗಿ, ಡಾಕ್ಟರ ಆಜ್ಞೆ ಮೀರಿ, ಹೆಂಡತಿಯ ಕಿವಿಯಲ್ಲಿ ಪಿಸುಗುಟ್ಟಿದೆ. "ಅವ್ನಿಗೆ ಸುಮ್ನ ಕೇಳಾಕ ಬರಂಗಿಲ್ಲೇನ?" ಅವಳು ಮಂಡಕ್ಕಿಗೆ ಒಗ್ಗರಣೆ ಹಾಕುತ್ತಿದ್ದಳು. "ಹಾಡ್ಲಿ ಬಿಡ್ರಿ. ಮನ್ಯಾಗ ಒಂದು ಮನಿಶ್ಯಾರ ದನಿ ಕೇಳಿ ಎಷ್ಟ ದಿನ ಆತು." ಹಾಗೆ ಹೇಳುವಾಗ ಅವಳು ನನ್ನ ಮುಖ ನೋಡಲಿಲ್ಲ. ನಾನು ಮಂಡಕ್ಕಿಯ ತಟ್ಟೆ ಎತ್ತಿಕೊಂಡು ಹೊರಗೆ ಬಂದೆ.

ಮುಂದಿನ ಸೋಮವಾರ ಕೊಟ್ರಪ್ಪಣ್ಣ ತಾಳ ತಂದ, ಬೀದಿಯ ಕೊನೆಯ ಮನೆಯ ಹುಲಿಗೆವ್ವನನ್ನೂ ಕರೆದುಕೊಂಡು ಬಂದ. ಹುಲಿಗೆವ್ವ ಕುರಿ ಸಾಕುವವಳು. ಹಳ್ಳದ ಈ ದಡದಲ್ಲಿ ನಿಂತು ಕೂಗಿದರೆ ಆ ದಡದ ಕುರಿಗಳು ಮೇಯುವುದು ಬಿಟ್ಟು ತಲೆ ಎತ್ತುತ್ತವೆ. ಅಂಥ ದನಿ ನಮ್ಮ ಪಡಸಾಲೆಯಲ್ಲಿ, ನಾನು ವಾರವೆಲ್ಲ ಕಾದ ಮೌನದೊಳಗೆ ಬಂದು ಕೂತರೆ ಹೇಗಿರಬೇಕು? ಅದರ ಮರುವಾರ ಚಾಪೆ ಸಾಲಲಿಲ್ಲ. ಮಂಡಿನೋವಿನವರೂ ಗೋಡೆ ಹಿಡಿದುಕೊಂಡು ಬಂದರು. ಪ್ಲೇಟಿನವರು ಎಷ್ಟು ಜನವೋ ಇವರೂ ಹೆಚ್ಚುಕಡಿಮೆ ಅಷ್ಟಾದರು. ಪ್ಲೇಟಿನವರ ಸರದಿ, ಇವರ ಸರದಿ, ಮತ್ತೆ ಪ್ಲೇಟಿನವರ ಸರದಿ. ಸರದಿ ಇಲ್ಲದವನು ಇಡೀ ಮನೆಯಲ್ಲಿ ನಾನೊಬ್ಬನೇ. ಬಾಗಿಲ ಹತ್ತಿರ ಚಪ್ಪಲಿಗಳ ನಡುವೆ ನಿಂತುಕೊಂಡು, ನಿಲ್ದಾಣವೇ ವಾಸಿಯಿತ್ತು, ಅಲ್ಲಿ ಕೂರಲು ಕುರ್ಚಿಯಾದರೂ ಇದೆ ಎಂದುಕೊಂಡೆ. ಕೊಟ್ರಪ್ಪಣ್ಣನ ಮುಖ ಮಾತ್ರ ಹತ್ತು ವರ್ಷ ಎಳೆಯದಾಗಿತ್ತು. ಅದನ್ನು ನೋಡಿ ಸಿಟ್ಟೂ ಬರುತ್ತಿತ್ತು, ಸಿಟ್ಟು ಮಾಡಲು ಮನಸ್ಸೂ ಬರುತ್ತಿರಲಿಲ್ಲ. ಇಂಥ ಅರೆಬರೆ ಸಿಟ್ಟಿನಷ್ಟು ಆಯಾಸ ಕೊಡುವುದು ಬೇರೊಂದಿಲ್ಲ.

ಆ ಸೋಮವಾರ ಪ್ಲೇಟಿನ ಮೇಳ ಏರುತ್ತಿರುವಾಗಲೇ ಕರೆಂಟು ಹೋಯಿತು. ಅಷ್ಟು ಜನರ ದನಿ ಹಾಗೇ ಕುಸಿಯುತ್ತ, ಹೆಂಗಸರು ಗಂಡಸರಾಗಿ, ಗಂಡಸರು ಎಮ್ಮೆಗಳಾಗಿ, ಕೊನೆಗೆ ಒಂದು ನಿಟ್ಟುಸಿರಿನಲ್ಲಿ ನಿಂತುಹೋಯಿತು. ನಾನು ಒಳಗೊಳಗೇ ಕರೆಂಟಿನವರಿಗೆ ಕೈಮುಗಿದೆ. ಇನ್ನು ಎದ್ದು ಹೋಗುತ್ತಾರೆ ಎಂದು ಬಾಗಿಲು ಬಿಟ್ಟು ಸರಿದು ನಿಂತೆ. ಯಾರೂ ಅಲುಗಾಡಲಿಲ್ಲ. "ಮಂಗಳ ಆಗಿಲ್ಲಲ್ರಿ" ಎಂದಳು ಹುಲಿಗೆವ್ವ. ಮಂಗಳ ಹಾಡದೆ ಭಜನೆಯಿಂದ ಏಳುವಂತಿಲ್ಲ, ಅದು ಎಲ್ಲರಿಗೂ ಗೊತ್ತು. ಮಂಗಳ ಹಾಡಬೇಕಾದರೆ ಅದಕ್ಕೂ ಮುಂಚೆ ಅರ್ಧಕ್ಕೆ ನಿಂತ ಪದ ಮುಗಿಯಬೇಕು. ಪದ ಮುಗಿಸಬೇಕಾದರೆ ಮುಂದಾಳು ಬೇಕು. "ಮುಂದಿನ ಸಾಲು ನಿಮಗ ಬರ್ತೈತಲ್ರಿ ಸಾಹೇಬ್ರ. ನಮಗಿಂತ ಮೊದ್ಲಿಂದ ಕೇಳಾಕತ್ತೀರಿ. ನೀವು ಹಿಡೀರಿ" ಎಂದ ಕೊಟ್ರಪ್ಪಣ್ಣ. ನಾನು ಗಂಟಲು ಮುಟ್ಟಿ ತೋರಿಸಿದೆ. "ದೇವ್ರ ಪದಕ್ಕ ಗಂಟ್ಲ ನೋಯಂಗಿಲ್ರಿ." ಅನ್ನಪೂರ್ಣ ಹಣತೆ ತಂದು ನಡುವೆ ಇಟ್ಟಳು. ಅಷ್ಟೂ ಮುಖಗಳು ಹಣತೆಯ ಬೆಳಕಿನಲ್ಲಿ ನನ್ನ ಕಡೆ ತಿರುಗಿ ಕಾಯುತ್ತಿದ್ದವು. ಮೂವತ್ತು ವರ್ಷದಿಂದ ಜನ ನನ್ನ ಕಡೆ ನೋಡಿ ಬಸ್ಸಿಗಾಗಿ ಕಾದಿದ್ದಾರೆ. ನನ್ನ ದನಿಗಾಗಿಯೇ ಕಾದವರನ್ನು ನಾನು ಅಂದೇ ಕಂಡದ್ದು.

ಬಾಯಿ ತೆರೆದೆ. ಸಾಲೇನೋ ಬಂತು, ಸುಮಾರಾಗಿ ಸರಿಯಾಗಿಯೇ ಬಂತು, ಆದರೆ ರಾಗ ಮೈಕಿನದು. "ಹಡಗಲಿ ಬಸ್ ಬಂದಂಗಾತು" ಎಂದು ಹುಲಿಗೆವ್ವ ಕಿಸಕ್ಕನೆ ನಕ್ಕಳು. ನಕ್ಕರೂ ಸಾಲನ್ನು ಕೈಬಿಡಲಿಲ್ಲ, ಎಲ್ಲರೂ ತಿರುಗಿ ಹಾಡಿದರು. ಕೂಗಿದ್ದನ್ನು ಯಾರೂ ಮತ್ತೆ ಕೇಳದೆ, ಹೇಳಿದ ಹಾಗೇ ಎತ್ತಿಕೊಂಡದ್ದು ನನ್ನ ನೌಕರಿಯಲ್ಲೇ ಅದು ಮೊದಲು. ನಾನು ಇನ್ನೊಂದು ಸಾಲು ಹಿಡಿದೆ. ಮಂಗಳದವರೆಗೂ ನಾನೇ ಹಿಡಿದೆ.

ಮಾರನೆಯ ವಾರ ಹೊಸಪೇಟೆಯ ಡಾಕ್ಟರು ಮತ್ತೆ ಕೊಳವೆ ಇಳಿಸಿದರು, ಮುಖ ಗಂಟಿಕ್ಕಿದರು. "ಊದಿಕೊಂಡಿದೆಯಲ್ರೀ. ಮನೆಯಲ್ಲಿ ಮಾತಾಡ್ತೀರಾ?" ನಾನು ಇಲ್ಲವೆಂದು ತಲೆಯಾಡಿಸಿದೆ. "ಮಾತಾಡಂಗಿಲ್ರಿ, ಹಾಡ್ತಾರ" ಎಂದಳು ಅನ್ನಪೂರ್ಣ. ಡಾಕ್ಟರು ಕನ್ನಡಕ ಒರೆಸಿಕೊಂಡರು. ಇದು ಕೊನೆಯ ಅವಕಾಶ, ಇನ್ನೊಂದು ಸಲ ಹೀಗಾದರೆ ಕತ್ತರಿಯೇ ಗತಿ ಎಂದರು. ಅನ್ನಪೂರ್ಣ ಊರಿಗೆ ಬಂದವಳೇ ಸೀದಾ ಕೊಟ್ರಪ್ಪಣ್ಣನ ಮನೆಗೆ ಹೋದಳು. ಏನು ಹೇಳಿದಳೋ ತಿಳಿಯದು. ಕೊಟ್ರಪ್ಪಣ್ಣ ಸಂಜೆ ಬಾಗಿಲಿಗೆ ಬಂದು, ಒಳಗೆ ಕಾಲಿಡದೆ, "ನಿಮ್ಮ ಗಂಟ್ಲ ಉಳೀಲಿ ಸಾಹೇಬ್ರ. ಮಂದಿ ಕೂಡ್ಯಾರ, ಇನ್ನ ಕಟ್ಟಿ ಮ್ಯಾಲ ನಡೀತೈತಿ ನಮ್ಮದು" ಎಂದ. ಒಂದು ಚೀಲ ಬಿಸಿ ಮಂಡಕ್ಕಿ ಹೊಸ್ತಿಲ ಮೇಲಿಟ್ಟು ಹೋದ.

ಸೋಮವಾರ ಬಂತು. ಕೈಕಾಲು ತೊಳೆದೆ, ವಿಭೂತಿ ಹಚ್ಚಿದೆ, ಪ್ಲೇಟು ಹಾಕಿದೆ. ಪಡಸಾಲೆ ಖಾಲಿ, ಚಾಪೆ ಮೂಲೆಯಲ್ಲಿ ಸುರುಳಿಯಾಗಿ ನಿಂತಿತ್ತು. ಒಬ್ಬನೇ ಕುರ್ಚಿಯ ಮೇಲೆ ಕಾಲು ಚಾಚಿ ಕೂತೆ. ಗಂಡುದನಿ ಹೊರಟಿತು, ಮಗ್ಗುಲಿಗೆ ಇನ್ನೊಂದು ಬಂತು, ಹೆಣ್ಣುದನಿಗಳು ಇಳಿದವು, ಮನೆ ತುಂಬಿತು. ಒಟ್ಟಿಗೆ ಸುಮ್ಮನಾದರು. ಇಷ್ಟು ದಿನ ಬೀದಿಯವರು ನನ್ನಿಂದ ಕಸಿದುಕೊಂಡಿದ್ದ ನನ್ನ ಮೌನ, ಇಡಿಯಾಗಿ, ನನಗೊಬ್ಬನಿಗೇ ವಾಪಸು ಬಂದಿತ್ತು. ಹಲ್ಲಿ ಲೊಚಗುಟ್ಟಿತು. ನಾನು ಬಾಗಿಲ ಕಡೆ ನೋಡಿದೆ. ಅಷ್ಟು ಜನ ಅಷ್ಟು ದೂರದಿಂದ ಒಂದು ಸಾಲು ಹಾಡಿ, ನಿಲ್ಲಿಸಿ, ಯಾರಾದರೂ ಎತ್ತಿಕೊಳ್ಳುತ್ತಾರೇನೋ ಎಂದು ಕಾಯುತ್ತಿರುವ ಹಾಗಿತ್ತು. ಎತ್ತಿಕೊಳ್ಳುವವರು ಯಾರೂ ಇರಲಿಲ್ಲ. ನನ್ನ ಗಂಟಲಲ್ಲಿ ಏನೋ ಕೆರೆದಂತಾಯಿತು. ಕೆಮ್ಮು ಇರಬೇಕೆಂದುಕೊಂಡೆ. ಬಾಯಿ ತೆರೆದರೆ ಸಾಲು ಬಂತು.

ಅನ್ನಪೂರ್ಣ ಕೈಯಲ್ಲಿ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. "ಸುಮ್ನ ಕೇಳಾಕ ಬರಂಗಿಲ್ಲೇನ್ರಿ ನಿಮಗ?"

ನಾನು ಉತ್ತರ ಕೊಡಲಿಲ್ಲ. ಮನೆಯಲ್ಲಿ ಮಾತನಾಡಬಾರದು ಎಂದು ಡಾಕ್ಟರು ಹೇಳಿದ್ದಾರೆ.